ಕಳಿಸಿದ್ದು ಹೊಸ ಸೀರೆ, ವಾಪಸ್ ಬಂದಿದ್ದು ಹಳೇ ಚಿಂದಿ!

‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳ ಹಳೇ ಅಂಗಡಿಗಳಲ್ಲಿ ಈ ಬೋರ್ಡು ಲಕ್ಷ್ಮೀ ಪಟದ ಪಕ್ಕದಲ್ಲೇ ನೇತಾಡುತ್ತಿತ್ತು. ಗಿರಾಕಿ ಬಂದು ‘ಸಾವ್ಕಾರ್ರೇ, ಒಂದೇ ಒಗೆತಕ್ಕೆ ಬಣ್ಣ ಬಿಡ್ತಲ್ರೀ’ ಎಂದರೆ ಸಾಹುಕಾರರು ಬಾಯಿ ಬಿಡುತ್ತಿರಲಿಲ್ಲ. ಬೆರಳು ಮಾಡಿ ಬೋರ್ಡು ತೋರಿಸುತ್ತಿದ್ದರು. ಅಲ್ಲಿಗೆ ಮೊಕದ್ದಮೆ ಖುಲಾಸೆ!

ಈಗ ಚಕ್ರ ತಿರುಗಿದೆ. ಅದೇ ಸಾಹುಕಾರರ ಮಗ ಅಂಗಡಿ ಹಿಂದಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದಾನೆ. ಆನ್‌ಲೈನ್ ಪೇಟೆಯಲ್ಲಿ ಅವನ ಸೀರೆ ಪಟ್ನಾಕ್ಕೂ ಹೋಗುತ್ತದೆ, ಪುಣೆಗೂ ಹೋಗುತ್ತದೆ. ಹೋದದ್ದರಲ್ಲಿ ಒಂದಿಷ್ಟು ವಾಪಸ್ಸೂ ಬರುತ್ತದೆ. ಬಂದ ಪೊಟ್ಟಣ ಬಿಚ್ಚಿದರೆ ಕೆಲವು ಸಲ ಒಳಗಿರುವುದು ಅವನು ಕಳಿಸಿದ ಸೀರೆಯಲ್ಲ, ಯಾರೋ ಉಟ್ಟು ಬಿಟ್ಟ ಹಳೇ ಬಟ್ಟೆ! ರೊಕ್ಕ ಮಾತ್ರ ಆಗಲೇ ಗಿರಾಕಿಯ ಖಾತೆಗೆ ವಾಪಸ್ ಹೋಗಿರುತ್ತದೆ. ಈಗ ಬೆರಳು ಮಾಡಿ ತೋರಿಸಲು ಅವನ ಹತ್ತಿರ ಬೋರ್ಡೂ ಇಲ್ಲ, ಎದುರಿಗೆ ಗಿರಾಕಿಯೂ ಇಲ್ಲ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಜವಳಿ ವ್ಯಾಪಾರ ಹೊಸದೇನಲ್ಲ. ಆದರೆ ಕಣ್ಣಿಗೆ ಕಾಣದ ಗಿರಾಕಿಯ ಜೊತೆ ಜಗಳ ಆಡುವ ವಿದ್ಯೆ ಹೊಸದು. ಅದನ್ನು ಕಲಿಯದವರು ವ್ಯಾಪಾರ ಜಾಸ್ತಿಯಾದಷ್ಟೂ ಸಾಲದಲ್ಲಿ ಮುಳುಗುತ್ತಾರೆ.

ಕಂಪನಿ ದೊಡ್ಡದು, ನಷ್ಟ ಸಣ್ಣವನದು

ಹರಿಹರ-ದಾವಣಗೆರೆ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಲ್ಲಿ ಸಾಮಾನು ತರಿಸುವವರ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂತಿದೆ. ‘ವಾಪಸ್ ಕಳಿಸಿದ್ರೆ ಆ ಕೋಟ್ಯಾಧಿಪತಿ ಕಂಪನಿಗೇನು ಲಾಸು ಬಿಡ್ರೀ’ ಎಂಬ ಲೆಕ್ಕ ಅದು.

ನಿಜ ಹಾಗಿಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಮೊದಲಿಗೆ ಪುಸ್ತಕ ಮಾರಿತು, 2010ರಲ್ಲಿ ‘ಮಾಲು ಕೈಗೆ ಬಂದ ಮೇಲೆ ರೊಕ್ಕ’ ಎಂಬ ಪದ್ಧತಿ ತಂದಿತು. ಕಾರ್ಡು ಕೊಡಲು ಹೆದರುತ್ತಿದ್ದ ಜನಕ್ಕೆ ಧೈರ್ಯ ಬಂದದ್ದೇ ಆಗ. 2013ರಲ್ಲಿ ಅಮೆಜಾನ್ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಮೀಶೋ ಶುರುವಾಯಿತು. ಆದರೆ ವಿದೇಶಿ ಬಂಡವಾಳ ಹಾಕಿಸಿಕೊಂಡ ಇಂಥ ಕಂಪನಿಗಳು ತಾವೇ ದಾಸ್ತಾನಿಟ್ಟು ಚಿಲ್ಲರೆ ಗಿರಾಕಿಗೆ ಮಾರುವಂತಿಲ್ಲ ಎಂಬುದು ಕೇಂದ್ರ ಸರ್ಕಾರದ ನಿಯಮ. 2019ರ ಫೆಬ್ರವರಿ 1ರಿಂದ ಅದು ಇನ್ನಷ್ಟು ಬಿಗಿಯಾಯಿತು. ಅಂದರೆ ಕಂಪನಿ ಹಾಕಿರುವುದು ಸಂತೆಯ ಚಪ್ಪರ ಮಾತ್ರ. ಅದರ ಕೆಳಗೆ ಚೀಲ ಬಿಚ್ಚಿ ಕೂತವರು ದಾವಣಗೆರೆ, ಇಳಕಲ್ಲು, ಸೂರತ್ತು, ತಿರುಪ್ಪೂರಿನ ಸಣ್ಣ ವ್ಯಾಪಾರಿಗಳು. ರಿಫಂಡಿನ ಹೊಡೆತ ಬೀಳುವುದು ಹೆಚ್ಚಾಗಿ ಚೀಲದವನಿಗೆ, ಚಪ್ಪರದವನಿಗಲ್ಲ.

ಒಂದು ಸೀರೆಯ ಲೆಕ್ಕ

ಉದಾಹರಣೆಗೆ 900 ರೂಪಾಯಿಯ ಒಂದು ಸೀರೆ ಎಂದು ಇಟ್ಟುಕೊಳ್ಳಿ. ಕೊಂಡ ಬೆಲೆ 620. ಪ್ಯಾಕಿಂಗ್ 15. ಕಂಪನಿ ಕಮಿಷನ್, ಸಾಗಾಟ ಎಲ್ಲಾ ಸೇರಿ 175. ಉಳಿಯುವುದು 90 ರೂಪಾಯಿ.

ಸೀರೆ ಚೆನ್ನಾಗಿಯೇ ವಾಪಸ್ ಬಂತೆನ್ನಿ. ಹೋಗುವ ಬರುವ ಸಾಗಾಟ 140, ಪ್ಯಾಕಿಂಗ್ 15, ಒಟ್ಟು 155 ಕೈಬಿಟ್ಟಿತು. ಹೆಚ್ಚೂಕಮ್ಮಿ ಎರಡು ಸೀರೆಯ ಲಾಭ ನೀರುಪಾಲು. ಸೀರೆಯ ಬದಲು ಚಿಂದಿ ಬಂತೋ, ಅಸಲು 620ನ್ನೂ ಸೇರಿಸಿ 775 ಹೋಯಿತು. ಅದನ್ನು ತುಂಬಿಕೊಳ್ಳಲು ಇನ್ನೂ ಒಂಬತ್ತು ಸೀರೆ ಮಾರಬೇಕು. ಆ ಒಂಬತ್ತರಲ್ಲಿ ಎರಡು ಮತ್ತೆ ವಾಪಸ್ ಬಂದರೆ? ಲೆಕ್ಕ ಹಾಕುವ ಧೈರ್ಯ ಇದ್ದವರು ಹಾಕಿ ನೋಡಬಹುದು.

ಹೆಂಡತಿಯ ಬಂಗಾರ ಒತ್ತೆಯಿಟ್ಟು ದಾಸ್ತಾನು ತಂದವನ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದು ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಜಗಳ ನಾಲ್ಕು ತರ

ಹಾಗಂತ ವಾಪಸ್ ಕಳಿಸುವ ಗಿರಾಕಿಗಳೆಲ್ಲ ಕಳ್ಳರೆಂದು ಕೂಗಾಡುವುದು ಶುದ್ಧ ಅನ್ಯಾಯ. ಜಗಳಗಳನ್ನು ಬಿಡಿಸಿಟ್ಟು ನೋಡಿದರೆ ನಾಲ್ಕು ತರ ಕಾಣುತ್ತವೆ.

ಒಂದು, ವ್ಯಾಪಾರಿಯದೇ ತಪ್ಪು. ಹಸಿರು ಕೇಳಿದರೆ ನೀಲಿ ಹೋಗಿರುತ್ತದೆ. ಫೋಟೋದಲ್ಲಿ ರೇಷ್ಮೆಯಂತೆ ಹೊಳೆದದ್ದು ಕೈಗೆ ಬಂದಾಗ ಪಾಲಿಯೆಸ್ಟರ್ ಆಗಿರುತ್ತದೆ. ಇಲ್ಲಿ ವಾದವೇ ಬೇಡ, ರೊಕ್ಕ ವಾಪಸ್ ಕೊಡಬೇಕು.

ಎರಡು, ಯಾರದ್ದೂ ತಪ್ಪಿಲ್ಲ. ಅಳತೆ ಹೊಂದಲಿಲ್ಲ, ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ. ಕಂಪನಿಯ ನಿಯಮದಲ್ಲಿ ವಾಪಸಾತಿಗೆ ಅವಕಾಶ ಇದ್ದರೆ ಇದು ವ್ಯಾಪಾರದ ಖರ್ಚು ಎಂದೇ ಬರೆದುಕೊಳ್ಳಬೇಕು. ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿ ಹಾಸಿ, ಟೀ ಕುಡಿಸಿ, ಒಂದೂ ಕೊಳ್ಳದೆ ಎದ್ದು ಹೋದ ಗಿರಾಕಿಯನ್ನು ಯಾರಾದರೂ ಪೊಲೀಸಿಗೆ ಹಿಡಿದು ಕೊಟ್ಟದ್ದುಂಟೇ?

ಮೂರು, ದಾರಿಯಲ್ಲಾದ ಎಡವಟ್ಟು. ಗಿರಾಕಿ ‘ಬಂದೇ ಇಲ್ಲ’ ಅನ್ನುತ್ತಾನೆ, ಕೊರಿಯರ್‌ನವರು ‘ಕೊಟ್ಟಾಗಿದೆ’ ಅನ್ನುತ್ತಾರೆ. ನಡುವೆ ಸಿಕ್ಕಿ ವ್ಯಾಪಾರಿ ಅಡಕತ್ತರಿಯ ಅಡಿಕೆಯಾಗುತ್ತಾನೆ.

ನಾಲ್ಕನೆಯದೇ ಕಳ್ಳಾಟ. ಮದುವೆಗೆ ಉಟ್ಟು ಮಾರನೇ ದಿನ ವಾಪಸ್. ಹೊಸದು ಇಟ್ಟುಕೊಂಡು ಹಳೇದು ವಾಪಸ್. ‘ರಿಫಂಡ್ ಕೊಡ್ತೀಯೋ ಇಲ್ಲಾ ಒಂದೇ ಸ್ಟಾರ್ ಹಾಕಿ ಮಾನ ಕಳೀಲೋ’ ಎಂಬ ಬೆದರಿಕೆ.

ಬಹಳಷ್ಟು ವ್ಯಾಪಾರಿಗಳು ಎಡವುವುದು ಇಲ್ಲೇ. ನಾಲ್ಕನೇ ತರದವನ ಮೇಲಿನ ಸಿಟ್ಟನ್ನು ಮೊದಲನೇ ತರದವನ ಮೇಲೆ ತೀರಿಸುತ್ತಾರೆ. ನ್ಯಾಯವಾಗಿ ಕೇಳಿದ ಹೆಣ್ಣುಮಗಳಿಗೆ ಬಿರುಸಾಗಿ ಉತ್ತರ ಬರೆಯುತ್ತಾರೆ. ಆಕೆ ಅದನ್ನೇ ಫೋಟೋ ಹೊಡೆದು ನಾಲ್ಕು ಜನಕ್ಕೆ ತೋರಿಸುತ್ತಾಳೆ. ಹೋದದ್ದು 900 ರೂಪಾಯಿ ಮಾತ್ರವೇ?

ಕಾನೂನು ಏನನ್ನುತ್ತೆ?

2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂತು. ಮೂರೇ ದಿನಕ್ಕೆ, ಜುಲೈ 23ರಂದು, ಆನ್‌ಲೈನ್ ಪೇಟೆಗೆಂದೇ ಪ್ರತ್ಯೇಕ ನಿಯಮಗಳು ಬಂದವು. ಅದರ ಪ್ರಕಾರ ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಅಥವಾ ಹೇಳಿದ ದಿನ ದಾಟಿ ತಲುಪಿದ್ದರೆ ಮಾರಿದವನು ‘ವಾಪಸ್ ತಗೊಳ್ಳಲ್ಲ, ರೊಕ್ಕ ಕೊಡಲ್ಲ’ ಎನ್ನುವಂತಿಲ್ಲ. ನೆರೆ-ಬರದಂಥ ಕೈಮೀರಿದ ಕಾರಣಕ್ಕೆ ತಡವಾಗಿದ್ದರೆ ಮಾತು ಬೇರೆ. ಮಾರುವವನು ದೂರು ಕೇಳಲು ಒಬ್ಬರನ್ನು ನೇಮಿಸಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಭಾವಮೈದುನನ ಕೈಲಿ ಗಿರಾಕಿಯಂತೆ ‘ಮಾಲು ಸೂಪರ್’ ಎಂದು ಬರೆಸುವುದಕ್ಕೂ ಇದೇ ನಿಯಮದಲ್ಲಿ ತಡೆಯಿದೆ!

ಹಳೇ ಬೋರ್ಡಿನ ಕಥೆಯೂ ಇಲ್ಲಿಗೇ ಮುಗಿಯಿತು. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕಾಯಿದೆಯೇ ಹೇಳುತ್ತದೆ. ಇದು ಆನ್‌ಲೈನ್‌ಗೆ ಮಾತ್ರವಲ್ಲ, ಚೌಕಿಪೇಟೆಯ ಅಂಗಡಿಗೂ ಅನ್ವಯ. ಇನ್ನೂ ಬೋರ್ಡು ಇಟ್ಟುಕೊಂಡವರು ಇಳಿಸುವುದು ಒಳ್ಳೆಯದು.

ಜಾಣ ವ್ಯಾಪಾರಿಯ ದಾರಿ

ಜಗಳ ಗೆಲ್ಲುವುದು ಬಾಯಿಂದಲ್ಲ, ದಾಖಲೆಯಿಂದ. ಅದಕ್ಕೆ ದುಬಾರಿ ಖರ್ಚೇನೂ ಬೇಕಿಲ್ಲ.

ಮಾಲು ಮಡಿಸಿ ಪೊಟ್ಟಣ ಕಟ್ಟುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಡಬೇಕು. ಮಾಲು, ಬಿಲ್ಲು, ಮೇಲಿನ ಚೀಟಿಯ ನಂಬರು ಮೂರೂ ಒಂದೇ ವಿಡಿಯೋದಲ್ಲಿ ಕಾಣಬೇಕು. ನಡುವೆ ಕತ್ತರಿಸಬಾರದು. ತಕ್ಕಡಿಯ ಮೇಲಿಟ್ಟ ತೂಕವನ್ನೂ ತೋರಿಸಿದರೆ ಚಿನ್ನಕ್ಕೆ ಪುಟವಿಟ್ಟಂತೆ. 500 ಗ್ರಾಂ ಹೋಗಿ 300 ಗ್ರಾಂ ವಾಪಸ್ ಬಂದರೆ ತಕ್ಕಡಿಯೇ ಸಾಕ್ಷಿ.

ವಾಪಸ್ ಬಂದ ಪೊಟ್ಟಣವನ್ನು ಕ್ಯಾಮೆರಾ ಇಲ್ಲದೆ ಬಿಚ್ಚಲೇಬಾರದು. ಮೊದಲು ನಾಲ್ಕೂ ಬದಿ, ಅಂಟು ಪಟ್ಟಿ, ನಂಬರು. ಆಮೇಲೆ ಕತ್ತರಿ. ಸಂಜೆ ಗಡಿಬಿಡಿಯಲ್ಲಿ ಹತ್ತು ಪೊಟ್ಟಣ ಒಟ್ಟಿಗೆ ಹರಿದು, ಆಮೇಲೆ ‘ಇದು ಯಾವುದರೊಳಗಿತ್ತೋ’ ಎಂದು ತಲೆ ಕೆರೆದುಕೊಂಡರೆ ಯಾವ ದೇವರೂ ಕಾಪಾಡುವುದಿಲ್ಲ. ಪೊಟ್ಟಣ ಮೊದಲೇ ಹರಿದಿದ್ದರೆ ಡೆಲಿವರಿ ಹುಡುಗನ ಎದುರಿಗೇ ಫೋಟೋ ತೆಗೆಯಬೇಕು. ಆ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ, ಅವನೂ ಹೊಟ್ಟೆಪಾಡಿಗೆ ಬಂದವನು.

ಮೂರನೆಯದು ಗಡುವು. ಬದಲಿ ಮಾಲು ಬಂದರೆ ನಷ್ಟ ತುಂಬಿಕೊಡಿ ಎಂದು ಕೇಳಲು ಕಂಪನಿಗಳಲ್ಲಿ ದಾರಿ ಇದೆ. ಅಮೆಜಾನ್‌ನಲ್ಲಿ ಅದಕ್ಕೆ ‘ಸೇಫ್-ಟಿ ಕ್ಲೇಮು’ ಎಂದೂ, ಫ್ಲಿಪ್‌ಕಾರ್ಟ್‌ನಲ್ಲಿ ‘ಸೆಲ್ಲರ್ ಪ್ರೊಟೆಕ್ಷನ್ ಫಂಡ್’ ಎಂದೂ ಹೆಸರು. ಆದರೆ ಎಲ್ಲಕ್ಕೂ ಇಷ್ಟು ದಿನದೊಳಗೆ ಎಂಬ ಗಡುವು ಇರುತ್ತದೆ, ಅದು ಆಗಾಗ ಬದಲಾಗುತ್ತದೆ. ವಾಪಸ್ ಬಂದ ಮಾಲನ್ನು ‘ಭಾನುವಾರ ನೋಡೋಣ’ ಎಂದು ಮೂಲೆಗೆ ಎಸೆದವನ ಹಕ್ಕೂ ಮೂಲೆಗೇ ಬೀಳುತ್ತದೆ.

ನಾಲ್ಕನೆಯದು ಮಾತು. ಗಿರಾಕಿ ಬೈದರೂ ಉತ್ತರ ತಣ್ಣಗಿರಬೇಕು. ‘ಮೇಡಂ, ತೊಂದರೆ ಆಗಿದ್ದಕ್ಕೆ ಬೇಜಾರಿದೆ. ಬಂದ ಮಾಲಿನ ಮತ್ತು ಪೊಟ್ಟಣದ ಫೋಟೋ ದಯವಿಟ್ಟು ಕಳಿಸಿ. ನಮ್ಮದೇ ತಪ್ಪಿದ್ದರೆ ಇವತ್ತೇ ಸರಿಮಾಡುತ್ತೇವೆ’ ಎಂದು ಬರೆದರೆ ನಿಜ ಗಿರಾಕಿ ಕೂಡಲೇ ಫೋಟೋ ಕಳಿಸುತ್ತಾರೆ. ಕಳ್ಳನಾದರೆ ಅಲ್ಲೇ ತಡವರಿಸುತ್ತಾನೆ. ಈ ಪತ್ರವ್ಯವಹಾರವೆಲ್ಲ ಕಂಪನಿಯ ಪುಟದಲ್ಲೇ ನಡೆಯಬೇಕು. ‘ಫೋನ್‌ಪೇ ಮಾಡ್ಬಿಡಿ, ಕಂಪ್ಲೇಂಟ್ ವಾಪಸ್ ತಗೋತೀನಿ’ ಎಂದವನಿಗೆ ಹೊರಗಿನಿಂದ ರೊಕ್ಕ ಕಳಿಸಿದರೆ, ನಾಳೆ ಕಂಪನಿಯೂ ರಿಫಂಡ್ ಕೊಟ್ಟು ಎರಡೆರಡು ಸಲ ತೆರಬೇಕಾದೀತು. ‘ಕಂಪನಿ ಆಫೀಸಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ’ ಎನ್ನುವ ಫೋನು ಬಂದರಂತೂ ಇಟ್ಟುಬಿಡಬೇಕು. ಮೋಸಕ್ಕೆ ಸಿಕ್ಕಿ ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನು.

ಐದನೆಯದು ಕಿರ್ದಿ-ಖಾತೆ. ಮಾರಾಟದ ಪುಸ್ತಕದ ಜೊತೆ ವಾಪಸಾತಿಯ ಪುಸ್ತಕವೂ ಇರಬೇಕು. ಆನ್‌ಲೈನ್ ಕಂಪನಿ ಜಿಎಸ್‌ಟಿ ಬಾಬ್ತಿನಲ್ಲಿ ಮೊದಲೇ ಹಿಡಿದುಕೊಳ್ಳುವ ಹಣ 2024ರ ಜುಲೈ 10ರಿಂದ ಶೇಕಡಾ 1ರಿಂದ ಅರ್ಧಕ್ಕೆ ಇಳಿದಿದೆ. ಅದನ್ನು ಹಿಡಿಯಬೇಕಾದ್ದು ವಾಪಸ್ ಬಂದ ಮಾಲು ಕಳೆದು ಉಳಿದ ಮೊತ್ತಕ್ಕೆ. ವಾಪಸಾದ ಮಾಲಿಗೆ ಕ್ರೆಡಿಟ್ ನೋಟು ಬರೆಯದೆ, ಕಂಪನಿಯ ಪಟ್ಟಿಯ ಜೊತೆ ತಾಳೆ ನೋಡದೆ ಬಿಟ್ಟವರು ಮಾರದ ಸೀರೆಗೂ ತೆರಿಗೆ ಕಟ್ಟಿದ ಪುಣ್ಯ ಸಂಪಾದಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮದ್ದು ಫೋಟೋದಲ್ಲೇ ಸತ್ಯ ಹೇಳುವುದು. ಬಟ್ಟೆ ಯಾವುದು, ಉದ್ದ ಎಷ್ಟು, ರವಿಕೆ ಕಣ ಇದೆಯೋ ಇಲ್ಲವೋ, ಒಗೆದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಬರೆದವನ ಮಾಲು ಕಡಿಮೆ ವಾಪಸ್ ಬರುತ್ತದೆ. ಬಣ್ಣದ ದೀಪದಡಿ ತೆಗೆದ ಫೋಟೋ ಇವತ್ತು ಮಾಲು ಮಾರಿಸುತ್ತದೆ, ಮುಂದಿನ ವಾರ ಅದೇ ಮಾಲನ್ನು ಮನೆ ಬಾಗಿಲಿಗೆ ತಂದು ಹಾಕುತ್ತದೆ.

ನೋಟಿಸು ಬಂದರೆ ಡ್ರಾಯರಿಗೆ ಹಾಕಬಾರದು

ಜಗಳ ಕಂಪನಿಯ ಮಟ್ಟದಲ್ಲಿ ಬಗೆಹರಿಯದಿದ್ದರೆ ಗಿರಾಕಿ 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವೇ ಇಲ್ಲ. ಅದೂ ಗಿರಾಕಿ ತಾನು ಇರುವ ಊರಿನಲ್ಲೇ ದಾವೆ ಹಾಕಬಹುದು. ಅಂದರೆ ದಾವಣಗೆರೆಯ ವ್ಯಾಪಾರಿಗೆ ಗುವಾಹಟಿಯಿಂದ ನೋಟಿಸು ಬಂದರೂ ಆಶ್ಚರ್ಯವಿಲ್ಲ!

‘ಅಲ್ಲಿಗ್ಯಾರು ಹೋಗ್ತಾರೆ ಬಿಡು’ ಎಂದು ನೋಟಿಸನ್ನು ಡ್ರಾಯರಿಗೆ ಹಾಕಿದವರು ಕೆಟ್ಟರು. ಉತ್ತರ ಕೊಡಲು 30 ದಿನ, ಆಯೋಗ ಮನಸ್ಸು ಮಾಡಿದರೆ ಇನ್ನು 15 ದಿನ. ಅದರಾಚೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರ ಮಾರ್ಚ್ 4ರಂದು ಖಡಾಖಂಡಿತವಾಗಿ ಹೇಳಿದೆ. ಉತ್ತರವಿಲ್ಲದಿದ್ದರೆ ಏಕಪಕ್ಷೀಯ ಆದೇಶ. 900ರ ಸೀರೆಗೆ ಪರಿಹಾರ, ಖರ್ಚು ಎಲ್ಲಾ ಸೇರಿ ಸಾವಿರಗಟ್ಟಲೆ ತೆರಬೇಕಾದೀತು. ಗುವಾಹಟಿಗೆ ರೈಲು ಹತ್ತಲೇಬೇಕೆಂದೇನೂ ಇಲ್ಲ. ವಿಡಿಯೋ ಮೂಲಕ ವಿಚಾರಣೆಗೆ ಅರ್ಜಿ ಹಾಕಲು, ಮಧ್ಯಸ್ಥಿಕೆಯಲ್ಲಿ ರಾಜಿಯಾಗಲು ಅದೇ ಕಾಯಿದೆಯಲ್ಲಿ ದಾರಿಯಿದೆ. ಪ್ಯಾಕಿಂಗಿನ ವಿಡಿಯೋ ಸಾಕ್ಷಿಯಾಗಿ ನಿಲ್ಲಬೇಕಾದರೆ ಹೊಸ ಸಾಕ್ಷ್ಯ ಕಾಯಿದೆಯ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಇದನ್ನು ವಕೀಲರ ಹತ್ತಿರ ಮೊದಲೇ ಕೇಳಿಕೊಳ್ಳುವುದು ಜಾಣತನ.

ತಕ್ಕಡಿ ಒಂದೇ ಕಡೆ ವಾಲಿದೆ

ಇಷ್ಟೆಲ್ಲ ಮಾಡಿದವನಿಗೂ ನ್ಯಾಯ ಸಿಗುತ್ತದೆಯೇ? ಇಲ್ಲೇ ಇರುವುದು ತಕರಾರು.

ಗಿರಾಕಿಗೆ ಮೋಸವಾದರೆ ಆಯೋಗ ಇದೆ, ಸಹಾಯವಾಣಿ ಇದೆ, ಡಿಸೆಂಬರ್ 24ರಂದು ರಾಷ್ಟ್ರೀಯ ಗ್ರಾಹಕರ ದಿನಾಚರಣೆಯೂ ಇದೆ. ಇರಬೇಕಾದ್ದೇ. ಆದರೆ ಗಿರಾಕಿಯೇ ಮೋಸ ಮಾಡಿದರೆ ವ್ಯಾಪಾರಿ ಎಲ್ಲಿಗೆ ಹೋಗಬೇಕು? ಗ್ರಾಹಕರ ಆಯೋಗದ ಬಾಗಿಲು ಅವನಿಗಿಲ್ಲ. ಕಂಪನಿಯ ವಿರುದ್ಧ ಅಲ್ಲಿಗೆ ಹೋದರೂ ‘ನೀನು ವಾಣಿಜ್ಯ ಉದ್ದೇಶದವನು, ಗ್ರಾಹಕನಲ್ಲ’ ಎಂಬ ಆಕ್ಷೇಪ ಎದುರಾಗುತ್ತದೆ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವನೆಂದು ರುಜುವಾತು ಮಾಡುವ ಹೊರೆ ಅವನ ತಲೆಗೇ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ವಂಚನೆಯ ದೂರು ಕೊಡಬಹುದು ನಿಜ. ಆದರೆ 620 ರೂಪಾಯಿ ಮಾಲಿಗಾಗಿ ಠಾಣೆ ಹತ್ತಿ, ಬೇರೆ ರಾಜ್ಯದ ವಿಳಾಸ ಹುಡುಕಿಸಿ ಕೇಸು ನಡೆಸುವವರು ಯಾರು ಸ್ವಾಮೀ?

ಇನ್ನೊಂದು ಮಾತು. 1986ರ ಹಳೇ ಕಾಯಿದೆಯಲ್ಲಿ, ಸುಳ್ಳು ಅಥವಾ ಕಿರುಕುಳದ ದೂರು ತಂದವನಿಂದ ಎದುರು ಪಕ್ಷಕ್ಕೆ 10,000 ರೂಪಾಯಿವರೆಗೆ ಖರ್ಚು ಕೊಡಿಸುವ 26ನೇ ಕಲಮು ಇತ್ತು. 2019ರ ಕಾಯಿದೆಯಲ್ಲಿ ಅಂಥ ಪ್ರತ್ಯೇಕ ಕಲಮು ಇಲ್ಲ. ಇದ್ದ ಒಂದು ಬೇಲಿಯನ್ನೂ ಕಿತ್ತು ಹಾಕಿದ ಮೇಲೆ ದನ ಹೊಲಕ್ಕೆ ನುಗ್ಗಿತು ಎಂದು ಗೋಳಾಡಿದರೆ ಕೇಳುವವರ್ಯಾರು?

ಹಾಗಾದರೆ ಆಗಬೇಕಾದ್ದೇನು? ಕಂಪನಿಗಳು ರಿಫಂಡ್ ಕೊಡುವ ಮುಂಚೆ, ಕಡೇ ಪಕ್ಷ ವ್ಯಾಪಾರಿ ಪುರಾವೆ ಕೊಟ್ಟ ಮೇಲಾದರೂ, ಎರಡೂ ಕಡೆ ಕೇಳಬೇಕು. ಮನವಿ ತಳ್ಳಿ ಹಾಕಿದರೆ ಕಾರಣ ಬರೆದು ಕೊಡಬೇಕು. ‘ನಿಮ್ಮ ಕೋರಿಕೆ ಪರಿಶೀಲಿಸಲಾಗಿದೆ, ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಯಂತ್ರದ ಉತ್ತರ ತೀರ್ಪಲ್ಲ, ತಿರಸ್ಕಾರ. ವಾಪಸ್ ಒಯ್ಯುವಾಗ ಗಿರಾಕಿಯ ಮನೆ ಬಾಗಿಲಲ್ಲೇ ಪೊಟ್ಟಣ ತೆರೆಸಿ, ಮಾಲು ಅದೇ ಹೌದೇ ಎಂದು ನೋಡಿ ಫೋಟೋ ತೆಗೆಯುವ ಕೆಲಸ ಎಲ್ಲ ಕಂಪನಿಗಳಲ್ಲೂ ತಪ್ಪದೆ ನಡೆದರೆ ಅರ್ಧ ಜಗಳ ಅಲ್ಲೇ ಸಾಯುತ್ತದೆ. ಕೇಂದ್ರ ಸರ್ಕಾರ 2020ರ ನಿಯಮಗಳಲ್ಲಿ ಮಾರುವವನ ಕರ್ತವ್ಯ ಪಟ್ಟಿ ಮಾಡಿದಂತೆ ಅವನ ದೂರಿಗೂ 48 ಗಂಟೆ, ಒಂದು ತಿಂಗಳ ಗಡುವು ಹಾಕಲಿ. ಸುಳ್ಳು ದೂರಿನ ಖರ್ಚಿನ ಕಲಮು ಮತ್ತೆ ಬರಲಿ.

ಊರಿನ ಮಟ್ಟದಲ್ಲಿ ಆಗುವ ಕೆಲಸಕ್ಕೆ ದಿಲ್ಲಿಯನ್ನು ಕಾಯಬೇಕಿಲ್ಲ. ವರ್ತಕರ ಸಂಘಗಳು ವರ್ಷಕ್ಕೊಮ್ಮೆ ಶಾಲು ಹೊದಿಸಿ ಸನ್ಮಾನ ಮಾಡುವ ಖರ್ಚಿನಲ್ಲಿ ಒಬ್ಬ ವಕೀಲರನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ವಾರಕ್ಕೊಂದು ಸಂಜೆ ಕೂರಿಸಬಹುದು. ಒಬ್ಬನ 620 ರೂಪಾಯಿಗೆ ಕಂಪನಿ ಕಿವಿಗೊಡದಿರಬಹುದು. ಐವತ್ತು ಜನ ವಿಡಿಯೋ ಸಮೇತ ಒಟ್ಟಿಗೆ ಬರೆದರೆ ಕಿವಿ ಕೇಳಿಸಲೇಬೇಕು. ಡಿಸೆಂಬರ್ 24ರ ವೇದಿಕೆಗೆ ಜಿಲ್ಲಾಡಳಿತ ಈ ಸಲ ಸಣ್ಣ ಮಾರಾಟಗಾರರನ್ನೂ ಕರೆದು ಅವರ ಕಷ್ಟ ಕೇಳಲಿ.

ಕಡೆಯದಾಗಿ ಬಸ್ಸಿನಲ್ಲಿ ಕೂತ ಗಿರಾಕಿಗೂ ಒಂದು ಮಾತು. ಮಾಲು ಕೆಟ್ಟದ್ದಿದ್ದರೆ ಖಂಡಿತ ವಾಪಸ್ ಕಳಿಸಬೇಕು, ಅದು ಹಕ್ಕು. ಉಟ್ಟು ಬಿಟ್ಟ ಸೀರೆಯನ್ನು ಮಡಿಸಿ ‘ಡ್ಯಾಮೇಜ್’ ಎಂದು ಬರೆದು ಕಳಿಸುವುದು ಹಕ್ಕಲ್ಲ, ಜೇಬಿಗೆ ಕತ್ತರಿ. ಆ ಜೇಬು ಯಾವ ಕೋಟ್ಯಾಧಿಪತಿಯದೂ ಅಲ್ಲ. ಮುಂದಿನ ಸೀಟಿನಲ್ಲಿ ಪೊಟ್ಟಣದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗನದ್ದೇ ಇದ್ದೀತು.